ಹತ್ತು ರೂಪಾಯಿ ದಂಡದ ಕಾಯ್ದೆ: ಕಂದಾಯ ಇಲಾಖೆಯ ಬಾಂಧವರಿಗೊಂದು ಬಹಿರಂಗ ಪತ್ರ

ಮಾನ್ಯ ತಹಶೀಲ್ದಾರರೇ, ಕಂದಾಯ ನಿರೀಕ್ಷಕರೇ, ಗ್ರಾಮ ಆಡಳಿತ ಅಧಿಕಾರಿಗಳೇ,



ನಾನು ಎರಡು ಸರ್ಕಾರಿ ನೌಕರಿ ಮಾಡಿದವನು. ಮೊದಲು ಸೇನೆಯ ತೋಪಖಾನೆಯಲ್ಲಿದ್ದು ಹವಾಲ್ದಾರನಾಗಿ ಪಿಂಚಣಿಗೆ ಬಂದೆ. ಆಮೇಲೆ ಮಾಜಿ ಸೈನಿಕರ ಮೀಸಲಾತಿಯಲ್ಲಿ ಗ್ರಾಮ ಲೆಕ್ಕಿಗನಾದೆ. ನಮ್ಮ ಬೆಳಗಾವಿ ಕಡೆಯ ಜನ ಇವತ್ತಿಗೂ ತಲಾಟಿ ಅಂತಲೇ ಕರೆಯುತ್ತಾರೆ. ಕೊನೆಗೆ ಸರ್ಕಲ್, ಅಂದರೆ ಕಂದಾಯ ನಿರೀಕ್ಷಕನಾಗಿ ನಿವೃತ್ತನಾದೆ. ಸೇನೆಯ ತಾಲೀಮಿನ ಸುತ್ತ ನೆಡುವ ಕೆಂಪು ಬಾವುಟದ ಆ ಬದಿ ನಿಂತು ಜನರನ್ನು ತಡೆದಿದ್ದೇನೆ, ಈ ಬದಿ ನಿಂತು ಜನರ ಅರ್ಜಿಯನ್ನೂ ಹಿಡಿದಿದ್ದೇನೆ. ಆ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಒಂದು ಹಳೆಯ ಕಾಯ್ದೆ. 1938ರ ಐದನೆಯ ಕಾಯ್ದೆ. ಹೆಸರು ‘ಮನೂವರ್ಸ್, ಫೀಲ್ಡ್ ಫೈರಿಂಗ್ ಅಂಡ್ ಆರ್ಟಿಲರಿ ಪ್ರಾಕ್ಟೀಸ್ ಆಕ್ಟ್’. ಸೇನೆ ತನ್ನ ಕಾಂಪೌಂಡಿನ ಆಚೆ ಬಂದು ರೈತರ ಹೊಲದಲ್ಲಿ, ಗೋಮಾಳದಲ್ಲಿ, ಕಾಡಂಚಿನಲ್ಲಿ ಯುದ್ಧಾಭ್ಯಾಸ ಮಾಡಬೇಕಾದರೆ, ಡೇರೆ ಹೊಡೆಯಬೇಕಾದರೆ, ತೋಪು ಹಾರಿಸಿ ತಾಲೀಮು ನಡೆಸಬೇಕಾದರೆ ಇದೇ ಕಾಯ್ದೆ ಬೇಕು. ಬ್ರಿಟಿಷರ ಕಾಲದ್ದು, ಆದರೆ ಇನ್ನೂ ಜೀವಂತವಾಗಿದೆ. ನಿಮ್ಮಲ್ಲಿ ಎಷ್ಟೋ ಜನ ಇದರ ಹೆಸರನ್ನೂ ಕೇಳಿರಲಿಕ್ಕಿಲ್ಲ. ಕೇಳಿದವರಿಗೂ ನೆನಪಿರುವುದು ಒಂದೇ ಮಾತು: ಸೇನೆ ಬಂದಾಗ ಜನ ಆ ಕಡೆ ಸುಳಿಯದ ಹಾಗೆ ನೋಡಿಕೊಳ್ಳಬೇಕು.

ಅದು ಕಾಯ್ದೆಯ ಚಿಕ್ಕ ಭಾಗ. ದೊಡ್ಡ ಭಾಗ ನಿಮ್ಮ ಮೇಜಿನ ಮೇಲೆ ಬೀಳುವಂಥದ್ದು. ಅದನ್ನು ನೀವು ಓದದಿದ್ದರೆ ಚಿಕ್ಕ ಭಾಗವನ್ನು ಜನರ ಕೈಲಿ ಪಾಲಿಸುವಂತೆ ಮಾಡಲು ಯಾವ ಸಂತ್ರಿಯ ಕೈಲೂ ಆಗುವುದಿಲ್ಲ. ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದನ್ನು ಸಮಾಧಾನದಿಂದ ಓದಿ.

ಮೊದಲು ಆ ಚಿಕ್ಕ ಭಾಗವನ್ನೇ ನೋಡೋಣ. ರಾಜ್ಯ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ, ಅದರಲ್ಲಿ ಹೇಳಿದ ಅವಧಿಯಲ್ಲಿ, ಯಾರಾದರೂ ಬೇಕೆಂದೇ ಯುದ್ಧಾಭ್ಯಾಸಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ಅಪ್ಪಣೆ ಇಲ್ಲದೆ ಶಿಬಿರದೊಳಗೆ ಹೊಕ್ಕರೂ, ಹೊಕ್ಕವರು ಹೊರಗೆ ಬರದಿದ್ದರೂ ಅಪರಾಧ. ಬಾವುಟ, ಗುರುತಿನ ಕಂಬ, ಸಲಕರಣೆ ಮುಟ್ಟಿದರೂ ಅಪರಾಧ. ತೋಪಿನ ತಾಲೀಮು ಇದ್ದಾಗ ಅಪಾಯ ವಲಯ ಎಂದು ಸಾರಿದ ಜಾಗಕ್ಕೆ ನಿಷೇಧದ ಹೊತ್ತಿನಲ್ಲಿ ಕಾಲಿಟ್ಟರೂ ಹಾಗೆಯೇ. ಇಷ್ಟೆಲ್ಲಕ್ಕೂ ಕಾಯ್ದೆಯಲ್ಲಿ ಬರೆದಿರುವ ಶಿಕ್ಷೆ ಏನು ಗೊತ್ತೇ? ಹೆಚ್ಚೆಂದರೆ ಹತ್ತು ರೂಪಾಯಿ ದಂಡ. ಸೆರೆವಾಸದ ಮಾತೇ ಇಲ್ಲ. 1938ರ ಕೂಲಿಕಾರನಿಗೆ ಹತ್ತು ರೂಪಾಯಿ ಸಣ್ಣ ಮೊತ್ತವೇನಲ್ಲ, ಒಪ್ಪುತ್ತೇನೆ. ಇವತ್ತು ಅದಕ್ಕೆ ಒಂದು ಕಪ್ ಚಹಾ ಬರುತ್ತದೆ.

ದಂಡ ಕಡಿಮೆ ಎಂದು ತಪ್ಪು ಹಗುರ ಎಂದುಕೊಳ್ಳಬೇಡಿ. ನಮ್ಮ ಸೇನೆಯ 105 ಮಿ.ಮೀ. ಫೀಲ್ಡ್ ಗನ್ನಿನ ಗುಂಡು ಹದಿನೇಳು ಕಿಲೋಮೀಟರಿನವರೆಗೆ ಹೋಗಿ ಬೀಳುತ್ತದೆ. ತೋಪಿನ ಹತ್ತಿರ ನಿಂತವನಿಗೆ ಗುಂಡು ಎಲ್ಲಿ ಬೀಳುತ್ತದೆ ಎಂಬುದು ಕಾಣುವುದೇ ಇಲ್ಲ. ಎತ್ತರದಲ್ಲಿ ಓಪಿ ಎಂಬ ನೆಲೆಯಿರುತ್ತದೆ. ಅಲ್ಲಿ ದುರ್ಬೀನು ಹಿಡಿದು ಕೂತ ಅಧಿಕಾರಿ ವೈರ್‌ಲೆಸ್ಸಿನಲ್ಲಿ ಅಂಕಿ ಹೇಳುತ್ತಾನೆ, ಇಲ್ಲಿ ನಾವು ನಳಿಗೆ ತಿರುಗಿಸುತ್ತೇವೆ. ಇಡೀ ಏರ್ಪಾಡು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಬಾವುಟಗಳ ಒಳಗೆ ಯಾರೂ ಇಲ್ಲ.

ಮರಳುಗಾಡಿನ ಒಂದು ರೇಂಜಿನಲ್ಲಿ ನಾನು ಬಾವುಟದ ಪಿಕೆಟ್ಟಿಗಿದ್ದೆ. ಬೆಳಗಿನ ಜಾವ ಹೋಗಿ ನೋಡಿದರೆ ಸಾಲಿನ ಬಾವುಟಗಳಲ್ಲಿ ಕೆಲವು ಮಾಯ. ಕೋಲು ನೆಟ್ಟಗೆ ನಿಂತಿದೆ, ಬಟ್ಟೆ ಇಲ್ಲ. ಗಟ್ಟಿ ಕೆಂಪು ಕಾಟನ್ನು ನೋಡಿ. ಯಾರದೋ ಮನೆಯಲ್ಲಿ ಕೌದಿಗೆ ತೇಪೆಯಾಗಿರಬೇಕು. ಅವತ್ತು ಗುಂಡು ಹಾರಲಿಲ್ಲ. ಹೊಸ ಬಾವುಟ ಕಟ್ಟಿ, ಜೀಪಿನಲ್ಲಿ ಸುತ್ತು ಹೊಡೆದು, ಒಳಗೆ ಮನುಷ್ಯರಿಲ್ಲ, ದನಕರು ಇಲ್ಲ ಎಂದು ರೇಂಜ್ ಕ್ಲಿಯರ್ ಸಿಗುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದು, ಬಿಸಿಲುಗುದುರೆಯಲ್ಲಿ ಓಪಿಯವರಿಗೆ ಗುರಿಯೇ ನಡುಗುತ್ತಿತ್ತು. ಇನ್ನೊಂದು ಸಲ ತಾಲೀಮು ಸಾಗಿರುವಾಗಲೇ ‘ಚೆಕ್ ಫೈರ್’, ಅಂದರೆ ಗುಂಡು ನಿಲ್ಲಿಸಿ, ಎಂಬ ಕೂಗು ಬಂತು. ಗುರಿಯ ಗುಡ್ಡದ ಮಗ್ಗುಲಿಗೆ ಒಬ್ಬ ಮುದುಕ ಕುರಿ ಹೊಡೆದುಕೊಂಡು ನಿಧಾನವಾಗಿ ಬರುತ್ತಿದ್ದ. ನಾವು ಓಡಿಹೋಗಿ ಕರೆತಂದೆವು. ಬೈಗುಳ ತಿಂದು ಮುಗಿಸಿದ ಮೇಲೆ ಆತ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. ತಾನು ಪ್ರತಿವರ್ಷ ಇದೇ ಹೊತ್ತಿಗೆ ಇದೇ ಹಾದಿಯಲ್ಲಿ ಬರುವವನು, ಈ ಸಲ ಬರಬೇಡ ಎಂದು ತನಗೆ ಯಾರೂ ಹೇಳಲಿಲ್ಲವಲ್ಲ ಎಂದ. ನಮ್ಮ ಸಾಹೇಬರು ಫೈಲು ತೆಗೆಸಿ ನೋಡಿದರು. ಜಿಲ್ಲಾ ಕಚೇರಿಗೆ ಕಾಗದ ಹೋಗಿತ್ತು. ಅಲ್ಲಿಂದ ತಹಶೀಲಿಗೂ ಹೋಗಿತ್ತು. ಮುದುಕನ ಹಳ್ಳಿಗೆ ಹೋಗಿರಲಿಲ್ಲ.

ಇಲ್ಲಿಂದ ನಿಮ್ಮ ಭಾಗ ಶುರುವಾಗುತ್ತದೆ.

ಕಾಯ್ದೆ ಬರೆದವರು ಪರದೇಶದ ಸರ್ಕಾರದವರು, ಜನರ ಮೇಲೆ ಅವರಿಗೆ ಅಂಥ ಮಮತೆ ಏನೂ ಇರಲಿಲ್ಲ. ಆದರೂ ಅವರು ಸೇನೆಯ ಕೈಗೆ ಕಟ್ಟಿದ ಹಗ್ಗ ನೋಡಿ. ಯುದ್ಧಾಭ್ಯಾಸಕ್ಕೆ ಒಂದು ಸಲಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಅವಧಿ ಕೊಡುವಂತಿಲ್ಲ. ಅದೇ ಪ್ರದೇಶವನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ತೆಗೆದುಕೊಳ್ಳುವಂತಿಲ್ಲ. ಅಧಿಸೂಚನೆ ಹೊರಡಿಸುವ ಉದ್ದೇಶವಿದೆ ಎಂಬುದನ್ನು ಸಾಕಷ್ಟು ಮುಂಚೆಯೇ ಜನರಿಗೆ ತಿಳಿಸಬೇಕು. ಹೇಗೆ? ಗೆಜೆಟ್ಟಿನಲ್ಲಿ ಹಾಕಿದರೆ ಸಾಲದು. ಆ ಪ್ರದೇಶದುದ್ದಕ್ಕೂ ಡಂಗುರ ಹೊಡೆಸಬೇಕು, ಎದ್ದು ಕಾಣುವ ಜಾಗಗಳಲ್ಲಿ ಸ್ಥಳೀಯ ಭಾಷೆಯಲ್ಲೇ ನೋಟಿಸು ಅಂಟಿಸಬೇಕು. ಡಂಗುರ ಎಂದು ಕಾಯ್ದೆಯೇ ಹೇಳುತ್ತದೆ, ನನ್ನ ಮಾತಲ್ಲ.

ಸೇನೆ ಹೊಲ ದಾಟಬಹುದು, ಡೇರೆ ಹಾಕಬಹುದು, ತಾತ್ಕಾಲಿಕ ಮೋರ್ಚಾ ತೋಡಬಹುದು. ಆದರೆ ಗುಡಿ, ಮಸೀದಿ, ಇಗರ್ಜಿ, ಅವುಗಳಿಗೆ ಸೇರಿದ ಜಾಗ, ಸುಡುಗಾಡು, ಜನ ಪವಿತ್ರ ಎಂದು ನಂಬಿದ ಬಾವಿ ಕೆರೆ ಇವನ್ನು ಮುಟ್ಟುವಂತಿಲ್ಲ. ವಾಸದ ಮನೆ, ಶಾಲೆ, ಕಾರ್ಖಾನೆ, ವ್ಯಾಪಾರದ ಜಾಗ, ತೋಟ ಇವಕ್ಕೂ ಅದೇ ಮಾತು. ನೀರು ತೆಗೆದುಕೊಳ್ಳಬಹುದು, ಆದರೆ ಊರಿನವರ ನ್ಯಾಯವಾದ ಅಗತ್ಯಕ್ಕೆ ಕೊರತೆಯಾಗುವಷ್ಟು ಎತ್ತುವಂತಿಲ್ಲ. ನಮ್ಮ ಕಡೆಯ ಬೇಸಿಗೆ ಗೊತ್ತಿರುವವರಿಗೆ ಈ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ. ಸೇನೆಯ ನೀರಿನ ಟ್ಯಾಂಕರು ನಾಲ್ಕು ಸಲ ತುಂಬಿಕೊಂಡು ಹೋದರೆ ಹಳ್ಳಿಯ ತೆರೆದ ಬಾವಿಯಲ್ಲಿ ರಾಡಿ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಬಳಸಿದ ಜಮೀನನ್ನು ಆದಷ್ಟು ಬೇಗ ಮೊದಲಿದ್ದ ಸ್ಥಿತಿಗೆ ತರಿಸುವುದು ಪಡೆಯ ಮುಖ್ಯಾಧಿಕಾರಿಯ ಕರ್ತವ್ಯ.

ಮುಂದಿನದು ಪರಿಹಾರ. ಜೀವಕ್ಕೆ, ಆಸ್ತಿಗೆ ಆದ ಹಾನಿಗೆ ಮಾತ್ರವಲ್ಲ, ಹಕ್ಕಿಗೆ ಅಡ್ಡಿಯಾದದ್ದಕ್ಕೂ ಪರಿಹಾರ ಕೊಡಬೇಕು. ಹಾನಿ ತಪ್ಪಿಸಿಕೊಳ್ಳಲು ರೈತ ತಾನೇ ಮಾಡಿದ ನ್ಯಾಯವಾದ ಖರ್ಚಿಗೂ ಕೊಡಬೇಕು. ಅದನ್ನು ಲೆಕ್ಕ ಹಾಕುವವರು ಯಾರು? ಸೇನೆಯಲ್ಲ. ಜಿಲ್ಲಾಧಿಕಾರಿ ಒಬ್ಬ ಅಥವಾ ಹೆಚ್ಚು ಕಂದಾಯ ಅಧಿಕಾರಿಗಳನ್ನು ನೇಮಿಸಬೇಕು, ಅವರು ಪಡೆಯ ಜೊತೆಗೇ ಹೋಗಬೇಕು. ಹೌದು, ಜೊತೆಗೇ. ಅಲ್ಲಲ್ಲೇ ವಿಚಾರಣೆ ಮಾಡಿ, ಆಗುವುದಾದರೆ ಅರ್ಜಿದಾರನ ಮಾತು ಕೇಳಿ, ಮೊತ್ತ ನಿಗದಿ ಮಾಡಿ, ಸ್ಥಳದಲ್ಲೇ ಹಣ ಕೈಗೆ ಕೊಡಬೇಕು. ಒಪ್ಪಿಗೆಯಾಗದವನು ಹದಿನೈದು ದಿನದೊಳಗೆ ಮೇಲ್ಮನವಿಯ ಸೂಚನೆ ಕೊಡಬಹುದು. ಆಗ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಕೂರುತ್ತದೆ. ಸೇನೆಯ ಕಡೆಯಿಂದ ಒಬ್ಬರು, ಜಿಲ್ಲಾ ಬೋರ್ಡು ಸೂಚಿಸಿದ ಇಬ್ಬರು. ಜನಪ್ರತಿನಿಧಿಗಳ ಕಡೆಯ ಸ್ಥಾನ ಸೇನೆಯದ್ದಕ್ಕಿಂತ ಒಂದು ಹೆಚ್ಚು ಎಂಬುದನ್ನು ಗಮನಿಸಿ. ಆಯೋಗದ ತೀರ್ಮಾನವೇ ಅಂತಿಮ, ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ಹಾಗಾಗಿ ಆ ಹದಿನೈದು ದಿನ ತಪ್ಪಿಹೋದರೆ ರೈತನಿಗೆ ಬೇರೆ ಬಾಗಿಲಿಲ್ಲ.

ಕಾಗದದ ಮೇಲೆ ಇಷ್ಟು ಚೆನ್ನಾಗಿರುವುದು ಹೊಲದಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಊರು, ಕಚೇರಿ, ಘಟಕದ ಹೆಸರು ಬೇಡ.

ನಾನು ತಲಾಟಿಯಾಗಿದ್ದ ಕಾಲ. ಹಿಂಗಾರಿ. ಎರೆ ಹೊಲದಲ್ಲಿ ಕಡಲೆ ಮೊಳಕಾಲು ಮುಟ್ಟಿತ್ತು. ಸೇನೆಯ ಲಾರಿಗಳ ಸಾಲೊಂದು ಬಂದು ಊರಾಚೆಯ ಬಯಲಲ್ಲಿ ಡೇರೆ ಹಾಕಿತು. ಎರಡು ದಿನ ಅಕಾಲಿಕ ಮಳೆ ಹಿಡಿಯಿತು. ಬಂಡಿದಾರಿ ಕೆಸರಾಗಿ ಲಾರಿಗಳು ಹೂತುಕೊಳ್ಳತೊಡಗಿದಾಗ ಚಾಲಕರು ಪಕ್ಕದ ಹೊಲಕ್ಕೆ ಇಳಿಸಿದರು. ಒಂದು ಲಾರಿ ಇಳಿದ ಜಾಡಿನಲ್ಲಿ ಇನ್ನೊಂದು ಇಳಿದರೆ ಅದೂ ಹೂತುಕೊಳ್ಳುತ್ತದೆ, ಹಾಗಾಗಿ ಪ್ರತಿಯೊಬ್ಬನೂ ಹೊಸ ಜಾಡು. ಎರೆಮಣ್ಣು ಹಸಿಯಿದ್ದಾಗ ತುಳಿದು ಆಮೇಲೆ ಒಣಗಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗಾಲಿಯ ಗುಂಡಿಗಳ ಅಂಚು ಕಲ್ಲಿನಂತೆ ಗಟ್ಟಿಯಾಗಿ, ಮರುವರ್ಷ ಕುಂಟೆ ಹೊಡೆಯುವಾಗ ಎತ್ತು ಎಡವುತ್ತಿತ್ತು.

ಹೊಲದವರು ನನ್ನ ಹತ್ತಿರ ಬಂದರು. ಗಂಡ ಸುಮ್ಮನಿದ್ದ, ಹೆಂಡತಿಯೇ ಮಾತಾಡಿದಳು. "ಮಿಲಿಟ್ರಿಯವ್ರ ಮ್ಯಾಲ ತಕರಾರು ಮಾಡಾಕ ಬಂದಿಲ್ರೀ ತಲಾಟ್ಯಾರ. ಅವ್ರೂ ನಮ್ಮ ಹುಡುಗೂರ. ಕಡ್ಲಿ ಹೋಗಿದ್ದಕ್ಕ ಯಾರನ್ನ ಕೇಳಬೇಕು, ಅಷ್ಟ ಹೇಳ್ರಿ." ನಾನು ಮೇಲಿನ ಕಚೇರಿಯಲ್ಲಿ ಕೇಳಿದೆ. ಪ್ರಕೃತಿ ವಿಕೋಪದ ಫಾರಂ ತುಂಬು ಎಂದರು. ಮಳೆಯಿಂದ ಆದ ಹಾನಿ ಶೇಕಡಾ ಎಷ್ಟು ಎಂದು ಆ ಫಾರಂ ಕೇಳುತ್ತದೆ, ಲಾರಿಯಿಂದ ಎಷ್ಟು ಎಂದು ಕೇಳುವುದಿಲ್ಲ. ಅಷ್ಟರಲ್ಲಿ ನಾನು ಹಳೆಯ ಸಲುಗೆಯಿಂದ ಶಿಬಿರಕ್ಕೇ ಹೋಗಿ ಒಳಗೆ ಬರಲು ಅಪ್ಪಣೆ ಕೇಳಿದೆ. ಅಲ್ಲಿನ ಮೇಜರ್ ಸಾಹೇಬರು ಸಜ್ಜನರು. "ನಿಮ್ಮ ಕಡೆಯಿಂದ ಕಂದಾಯ ಅಧಿಕಾರಿ ಬರಲಿ, ಅಳತೆ ಮಾಡಿ ಬರೆದುಕೊಡಲಿ, ನಾನು ಮೇಲಕ್ಕೆ ಕಳಿಸುತ್ತೇನೆ, ನಾನೇ ಅಂದಾಜು ಹಾಕುವ ಹಾಗಿಲ್ಲ" ಎಂದರು. ಅವರು ಹೇಳಿದ್ದು ಸರಿಯಿತ್ತು. ನಮ್ಮ ಕಡೆಯಿಂದ ಯಾರೂ ಬರಲಿಲ್ಲ. ನಾನೇ ಸರಪಳಿ ಹಿಡಿದು ಜಾಡುಗಳ ಉದ್ದ ಅಗಲ ಅಳೆದೆ, ಲಾರಿ ತಿರುಗಿಸಿದ ಜಾಗಗಳನ್ನು ಬೇರೆ ಗುರುತು ಮಾಡಿದೆ. ಪಂಚರ ಸಹಿ ಹಾಕಿಸಿ ಪಂಚನಾಮೆ ಕಳಿಸಿದೆ. ಶಿಬಿರ ಎತ್ತಿದ ಮೇಲೆ ಆ ಕಾಗದ ಎಷ್ಟೋ ಕಾಲ ಟಪಾಲಿನಲ್ಲೇ ಸುತ್ತಿತು. ಪರಿಹಾರವೇನೋ ಬಂತು, ಆದರೆ ಆ ವೇಳೆಗೆ ಅವರು ಮುಂದಿನ ಬಿತ್ತನೆಯ ಬೀಜಕ್ಕೆ ಸಾಲ ಮಾಡಿದ್ದರು.

ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಕಾಯ್ದೆಯ ಎರಡನೆಯ ಪುಟ ಓದಿದವರು ಯಾರೂ ಇರಲಿಲ್ಲ, ಅಷ್ಟೇ. ಅದೇ ಊರಿಗೆ ಸೇನೆ ಮತ್ತೆ ಬಂದು "ಈ ಬಾವುಟ ದಾಟಬೇಡಿ" ಎಂದರೆ ಜನ ಯಾವ ಮನಸ್ಸಿನಿಂದ ಕೇಳಬೇಕು?

ಇದು ನಮ್ಮೂರಿನ ಸಣ್ಣ ಕಥೆ. ದೊಡ್ಡ ಕಥೆ ಬೇಕಾದರೆ ನೇತರ್‌ಹಾಟ್ ಇದೆ. ಈಗಿನ ಜಾರ್ಖಂಡದ ಗುಮ್ಲಾ, ಲಾತೇಹಾರ್ ಜಿಲ್ಲೆಗಳ ಆದಿವಾಸಿ ಹಳ್ಳಿಗಳ ಮೇಲೆ ಇದೇ 1938ರ ಕಾಯ್ದೆಯಡಿ ಫೀಲ್ಡ್ ಫೈರಿಂಗ್ ರೇಂಜಿನ ಅಧಿಸೂಚನೆ ಹೊರಟಿತ್ತು. ತಾಲೀಮಿನ ದಿನಗಳಲ್ಲಿ ಊರು ಬಿಟ್ಟು ಕಾಡಿಗೋ ದೂರದ ಬಯಲಿಗೋ ಹೋಗಿ ಕೂರಬೇಕು. ಹಿಂದಿರುಗಿದಾಗ ಬೆಳೆ, ಮನೆ, ದನಕರು ಹೇಗಿವೆಯೋ ಗೊತ್ತಿಲ್ಲ. ಅಧಿಸೂಚನೆಯ ಅವಧಿ ಬೆಳೆಯುತ್ತಲೇ ಹೋಯಿತು, ತಮ್ಮ ನೆಲವೇ ಕೈತಪ್ಪಿಹೋದೀತೆಂಬ ಭಯವೂ ಬೆಳೆಯಿತು. 1994ರ ಮಾರ್ಚ್ 22, 23ರಂದು ಟುಟುವಾಪಾನಿ ಎಂಬಲ್ಲಿ ಜನ ರಸ್ತೆಯ ಮೇಲೆಯೇ ಕೂತರು. ಹೆಂಗಸರು ಮುಂದೆ ಇದ್ದರು. ಸೇನೆಯ ವಾಹನಗಳು ವಾಪಸು ಹೋದವು. ಅಲ್ಲಿಂದ ಮುಂದೆ ವರ್ಷ ವರ್ಷವೂ ಅದೇ ದಿನ ಅಲ್ಲಿ ಜನ ಸೇರುತ್ತ ಬಂದರು. 2022ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆ ಅಧಿಸೂಚನೆಯನ್ನು ಮುಂದುವರಿಸುವುದಿಲ್ಲ ಎಂದು ತೀರ್ಮಾನಿಸಿತು. ಅಂದು ರಸ್ತೆಯಲ್ಲಿ ಕೂತ ಪ್ರತಿಯೊಬ್ಬರೂ ಕಾಯ್ದೆಯ ಲೆಕ್ಕದಲ್ಲಿ ಹತ್ತು ರೂಪಾಯಿಯ ಅಪರಾಧಿಗಳು! ಸುಮಾರು ಮೂರು ದಶಕಗಳ ಕಾಲ ಒಂದು ರೇಂಜನ್ನು ನಿಲ್ಲಿಸಿದ್ದು ಜನರ ಹಟ ಎಂದು ಸೇನೆಯ ನನ್ನ ಗೆಳೆಯರು ಹೇಳುತ್ತಾರೆ. ಹಟಕ್ಕೂ ಒಂದು ಬುಡ ಇರುತ್ತದೆ ಎಂದು ನಾನು ವಾದಿಸುತ್ತೇನೆ.

ಕಾಶ್ಮೀರದ ಬಡ್‌ಗಾಂ ಜಿಲ್ಲೆಯ ತೋಸಾ ಮೈದಾನವನ್ನೂ ನೆನೆಯಿರಿ. ಕುರಿಗಾಹಿಗಳ ಹುಲ್ಲುಗಾವಲು ಅದು. ದಶಕಗಳ ಕಾಲ ತೋಪಿನ ತಾಲೀಮು ನಡೆದು 2014ರ ಏಪ್ರಿಲ್‌ನಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಸ್ಥಳೀಯರ ವಿರೋಧದಿಂದಾಗಿ ನವೀಕರಣ ಆಗಲಿಲ್ಲ. ಬಾವುಟ ಇಳಿದರೂ ಅಪಾಯ ಇಳಿಯಲಿಲ್ಲ. ಸಿಡಿಯದೆ ಮಣ್ಣಲ್ಲಿ ಉಳಿದ ಗುಂಡುಗಳನ್ನು ಹುಡುಕಿ ತೆಗೆಯಲು ಸೇನೆ ದೊಡ್ಡ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು.

ಇವನ್ನು ನಮ್ಮ ತೋಪಖಾನೆಯ ಭಾಷೆಯಲ್ಲಿ ‘ಬ್ಲೈಂಡ್’ ಎನ್ನುತ್ತೇವೆ. ಬಿದ್ದರೂ ಸಿಡಿಯದ ಗುಂಡು. ತಾಲೀಮು ಮುಗಿದ ಮೇಲೆ ತಂಡವೊಂದು ಹೋಗಿ ಒಂದೊಂದನ್ನೂ ಹುಡುಕಿ ಅಲ್ಲೇ ನಾಶ ಮಾಡಬೇಕು. ಎಷ್ಟೇ ಹುಡುಕಿದರೂ ಮರಳಲ್ಲಿ, ಹುಲ್ಲಲ್ಲಿ, ಹಳ್ಳದ ಹೂಳಲ್ಲಿ ಒಂದೆರಡು ಉಳಿಯುತ್ತವೆ. ರೇಂಜಿನ ಸುತ್ತಲಿನ ಊರುಗಳಲ್ಲಿ ಹಿತ್ತಾಳೆ, ಉಕ್ಕಿನ ಚೂರು ಆಯ್ದು ಗುಜರಿಗೆ ಹಾಕುವ ಬಡವರಿರುತ್ತಾರೆ. ನಮ್ಮ ಕಡೆ ಮೋಡಕಾ ಎನ್ನುತ್ತೇವಲ್ಲ, ಅದು. ರಾತ್ರಿ ಬಾವುಟ ದಾಟಿ ಒಳಗೆ ಬರುವವರು ಬಹುಮಟ್ಟಿಗೆ ಇವರೇ. ಒಬ್ಬ ಹುಡುಗನನ್ನು ಹಿಡಿದಾಗ ಅವನ ಚೀಲದಲ್ಲಿ ಚೂರುಗಳ ಜೊತೆ ಗುಂಡು ಸಿಡಿಸುವ ಇಡಿಯ ಫ್ಯೂಜ್ ಇತ್ತು. ಅವನು ಅದನ್ನು ಕಲ್ಲಿನಿಂದ ಕುಟ್ಟಿ ಹಿತ್ತಾಳೆ ಬಿಡಿಸುವವನಿದ್ದ. ನನ್ನ ಕೈ ನಡುಗಿತು. ಅವನಿಗೆ ನಗು. ಆ ಹುಡುಗನಿಗೆ ಹತ್ತು ರೂಪಾಯಿ ದಂಡ ಹಾಕಿ ಏನು ಪ್ರಯೋಜನ? ಅವನ ಊರಿನ ಗುಜರಿ ಅಂಗಡಿಯವನ ಹೆಸರು ಕಂದಾಯದವರಿಗೆ ಗೊತ್ತಿರುತ್ತದೆ, ಪೊಲೀಸರಿಗೂ ಗೊತ್ತಿರುತ್ತದೆ. ಮಾತಾಡಬೇಕಾದದ್ದು ಅಲ್ಲಿ.

ಶಹರದ ಸಂಗತಿಯನ್ನು ಬೇಗ ಮುಗಿಸುತ್ತೇನೆ, ಅದು ಬೇರೆ ಜಾತಿಯದು. ಬೆಂಗಳೂರಿನ ಮಾಣೆಕ್ ಷಾ ಮೈದಾನದಲ್ಲಿ ಜನವರಿ 26ರ ಕವಾಯತು ನಡೆದರೆ ಪಾಸು, ತಪಾಸಣೆ, ಪೊಲೀಸು ಎಲ್ಲ ಇರುತ್ತದೆ, ಜನರೂ ಒಗ್ಗಿದ್ದಾರೆ. 2023ರ ಜನವರಿ 15ರಂದು ಸೇನಾ ದಿನದ ಪರೇಡು ಮೊದಲ ಬಾರಿಗೆ ದೆಹಲಿ ಬಿಟ್ಟು ಬೆಂಗಳೂರಿಗೆ, ಮದ್ರಾಸ್ ಎಂಜಿನಿಯರ್ ಗ್ರೂಪಿನ ಗೋವಿಂದಸ್ವಾಮಿ ಮೈದಾನಕ್ಕೆ ಬಂದಾಗ ಟಿವಿ ಮುಂದೆ ಕೂತು ನಾನೂ ಎದೆಯುಬ್ಬಿಸಿದೆ. ಅದೇ ತಿಂಗಳ ಕೊನೆಗೆ ಯಲಹಂಕದ ವೈಮಾನಿಕ ಪ್ರದರ್ಶನಕ್ಕಾಗಿ ವಾಯುನೆಲೆಯ ಸುತ್ತ ಹತ್ತು ಕಿಲೋಮೀಟರಿನಲ್ಲಿ ಮಾಂಸದಂಗಡಿಗಳನ್ನು ಜನವರಿ 30ರಿಂದ ಫೆಬ್ರವರಿ 20ರವರೆಗೆ ಮುಚ್ಚಿಸಿದರು. ಮಾಂಸದ ತ್ಯಾಜ್ಯಕ್ಕೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿಯುತ್ತದೆ, ಕಾರಣದಲ್ಲಿ ತಪ್ಪಿಲ್ಲ. ಆದರೆ ಮೂರು ವಾರ ಕೈಕಟ್ಟಿ ಕೂತ ಅಂಗಡಿಯವನಿಗೂ ಪರಿಹಾರದ ಒಂದು ಮಾತು ಇರಬೇಕಿತ್ತು ಎಂದು ನನಗೆ ಅನಿಸಿತು. 1938ರ ಆ ಪರದೇಶದವರಿಗೆ ಹೊಳೆದದ್ದು ನಮಗೆ ಹೊಳೆಯಲಿಲ್ಲ.

ಇನ್ನೊಂದು ಎಚ್ಚರಿಕೆ, ಇದನ್ನು ನೀವು ಊರಿನ ಹುಡುಗರಿಗೆ ದಾಟಿಸಬೇಕು. ಹತ್ತು ರೂಪಾಯಿಯ ಕಾಯ್ದೆಯ ಪಕ್ಕದಲ್ಲೇ ಬೇರೆ ಕಾಯ್ದೆಗಳಿವೆ. ನಿಷೇಧಿತ ಸ್ಥಳವೆಂದು ಘೋಷಿತವಾದ ಕಡೆ ಕಾವಲು ನಿಂತ ಸಂತ್ರಿಯನ್ನು ತಡೆದರೆ, ದಾರಿ ತಪ್ಪಿಸಿದರೆ 1923ರ ಅಧಿಕೃತ ರಹಸ್ಯ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು. ಸೈನಿಕನಲ್ಲದವನು ಸೈನಿಕನೆಂದು ನಂಬಿಸಲು ಆ ಸಮವಸ್ತ್ರ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೂರು ತಿಂಗಳವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ಡ್ರೋನ್ ಹಾರಿಸುವುದಕ್ಕೆ 2021ರ ನಿಯಮಗಳೇ ಬೇರೆ. ಮದುವೆ ವಿಡಿಯೊ ತೆಗೆಯುವ ಹುಡುಗ ಶಿಬಿರದ ಮೇಲೆ ಒಂದು ಸುತ್ತು ಹಾರಿಸಿ ರೀಲ್ಸ್ ಹಾಕುತ್ತಾನೆ; ಅವನಿಗದು ಆಟ, ಒಳಗಿರುವವರಿಗೆ ಅದು ಆಟವೆಂದು ತಿಳಿಯುವುದು ಹೇಗೆ?

ಈಗ ನಾನು ಕೇಳಿಕೊಳ್ಳುವುದು.

ಸೇನೆಯಿಂದಲೋ ಜಿಲ್ಲಾಧಿಕಾರಿ ಕಚೇರಿಯಿಂದಲೋ ಇಂಥ ಕಾಗದ ಬಂದರೆ ಅದನ್ನು ಮೊದಲು ಕನ್ನಡಕ್ಕೆ ತನ್ನಿ. ಅಕ್ಷಾಂಶ ರೇಖಾಂಶದ ಅಂಕಿ ಹಾಗೇ ಬಿಟ್ಟರೆ ಯಾವ ರೈತನಿಗೂ ತಿಳಿಯುವುದಿಲ್ಲ. ಸರ್ವೆಯವರನ್ನು ಕೂರಿಸಿಕೊಂಡು ಸರ್ವೆ ನಂಬರಿಗೆ ಇಳಿಸಿ. ‘ಹನುಮಪ್ಪನ ಗುಡಿಯ ಆಚೆಯ ಹಳ್ಳದಿಂದ ಕಲ್ಲುಗಣಿಯ ದಾರಿಯವರೆಗೆ’ ಎಂದು ಊರಿನವರು ಹೇಳುವ ಹಾಗೆ ಹೇಳಿ. ಡಂಗುರ ಹೊಡೆಸಿ. ವಾಟ್ಸ್ಆಪ್ ಗುಂಪಿನಲ್ಲಿ ಹಾಕಿ ಕೈತೊಳೆದುಕೊಳ್ಳಬೇಡಿ, ಕುರಿಗಾಹಿ ಆ ಗುಂಪಿನಲ್ಲಿ ಇರುವುದಿಲ್ಲ. ಹೊರ ತಾಲೂಕಿನಿಂದ ಹಿಂಡು ಹೊಡೆದುಕೊಂಡು ಬರುವವರು ಎಲ್ಲಿ ಬೀಡು ಬಿಡುತ್ತಾರೆ ಎಂಬುದು ನಿಮ್ಮ ಗ್ರಾಮ ಸಹಾಯಕನಿಗೆ ಗೊತ್ತು. ಅವನನ್ನು ಅಲ್ಲಿಗೇ ಕಳಿಸಿ. ಅಪಾಯ ವಲಯದಿಂದ ಜನರನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳಿಸುವ ಲಿಖಿತ ಆದೇಶ ಕೊಡಬೇಕಾದವರು ಜಿಲ್ಲಾಧಿಕಾರಿಗಳು. ಆದೇಶದಲ್ಲಿ ದಿನದ ಜೊತೆ ಗಂಟೆಯನ್ನೂ ಬರೆಸಿ. ಬೆಳಿಗ್ಗೆ ಆರರಿಂದ ಹನ್ನೊಂದು ಎಂದು ಗೊತ್ತಾದರೆ ಸಂಜೆ ಹೊಲಕ್ಕೆ ನೀರು ಹಾಯಿಸಬಹುದಲ್ಲ.

ಪಡೆ ಬರುವ ಮೊದಲೇ ಒಂದು ಸುತ್ತು ಹೋಗಿ ಬದು, ಬಾವಿ, ಪೈಪು, ನಿಂತ ಬೆಳೆ ಇವುಗಳ ಫೋಟೊ ತೆಗೆದಿಡಿ. ಈಗ ಬೆಳೆ ಸಮೀಕ್ಷೆಗೆ ಹೇಗೂ ಮೊಬೈಲ್ ಹಿಡಿದೇ ಹೋಗುತ್ತೀರಿ. ಮುಟ್ಟಬಾರದ ಜಾಗಗಳ ಪಟ್ಟಿಯನ್ನು, ಅಂದರೆ ಗುಡಿ, ದರ್ಗಾ, ಸುಡುಗಾಡು, ಶಾಲೆ, ಪವಿತ್ರ ಬಾವಿ, ಇವನ್ನು ನಕಾಶೆಯ ಮೇಲೆ ಗುರುತು ಮಾಡಿ ಪಡೆಯ ಅಧಿಕಾರಿಗೆ ಕೈಯಾರೆ ಕೊಡಿ. ಅವರು ಹೊಸಬರು, ನಿಮ್ಮೂರಿನ ಯಾವ ಕಲ್ಲು ದೇವರು, ಯಾವ ಕಲ್ಲು ಬರೀ ಕಲ್ಲು ಎಂದು ಅವರಿಗೆ ಯಾರು ಹೇಳಬೇಕು? ಸೈನಿಕ ನಿಮ್ಮ ಮಾತಿಗೆ ಬೆಲೆ ಕೊಡುತ್ತಾನೆ, ನನ್ನ ಮಾತು ನಂಬಿ. ನಾವು ಬೆದರುವುದು ಗುರುತಿಲ್ಲದ ನೆಲಕ್ಕೆ.

ಪಡೆಯ ಜೊತೆ ಹೋಗಲು ನಿಮ್ಮನ್ನು ನೇಮಿಸಿದರೆ ದಯವಿಟ್ಟು ಹೋಗಿ. ನೇಮಿಸದಿದ್ದರೆ ಯಾಕೆ ನೇಮಿಸಿಲ್ಲ ಎಂದು ವಿನಯದಿಂದ ಲಿಖಿತವಾಗಿ ಕೇಳಿ. ಹಕ್ಕು ಕೇಳಲು ಬಂದವರಿಂದ ಅರ್ಜಿ ಶುಲ್ಕವೆಂದೋ ಸ್ಟಾಂಪೆಂದೋ ಒಂದು ಪೈಸೆ ತೆಗೆದುಕೊಳ್ಳಬೇಡಿ. ತೀರ್ಮಾನವನ್ನು ಬರವಣಿಗೆಯಲ್ಲಿ ಕೊಟ್ಟು, ಕೊಟ್ಟ ದಿನಾಂಕಕ್ಕೆ ಸಹಿ ಪಡೆಯಿರಿ. ಹದಿನೈದು ದಿನದ ಗಡಿಯಾರ ಶುರುವಾಗುವುದು ಅಲ್ಲಿಂದ, ಅದನ್ನು ಅರ್ಜಿದಾರರಿಗೆ ಬಾಯಲ್ಲೂ ಹೇಳಿ. ಹೆಂಡತಿ ಹೊಲ ಮಾಡುತ್ತಿದ್ದು ಉತಾರ ಮಾವನ ಹೆಸರಲ್ಲಿದ್ದರೆ ಉತಾರದ ನೆಪ ಹೇಳಿ ಕಳಿಸಬೇಡಿ. ಕೋರಿಗೆ, ಅಂದರೆ ಪಾಲಿಗೆ, ಹಾಕಿಕೊಂಡವನನ್ನೂ ಹಾಗೆಯೇ. ಬೆಳೆ ಯಾರದೋ ಹಾನಿ ಅವರದು.

ಪಡೆ ಹೊರಡುವ ದಿನ ಅವರ ಅಧಿಕಾರಿಯ ಜೊತೆ ನೆಲ ಸುತ್ತಿ. ಮೋರ್ಚಾ ಗುಂಡಿ ಮುಚ್ಚಿದೆಯೇ, ತಂತಿ ಬಿಟ್ಟುಹೋಗಿದ್ದಾರೆಯೇ ನೋಡಿ. ತೋಪಿನ ತಾಲೀಮು ನಡೆದಿದ್ದರೆ ಬ್ಲೈಂಡ್ ಎಲ್ಲ ತೆಗೆದಾಗಿದೆ ಎಂಬ ಬರಹ ಕೇಳಿ ಪಡೆಯಿರಿ. ಬರಹ ಕೈಗೆ ಬರುವವರೆಗೆ ದನಗಾಹಿಗಳನ್ನು ಒಳಗೆ ಬಿಡಬೇಡಿ, ಅವರು ಎಷ್ಟೇ ಅವಸರ ಮಾಡಲಿ. ಶಾಲೆಗೆ ಹೋಗ್ರಿ, ಮಕ್ಕಳಿಗೆ ಹೇಳ್ರಿ: ಕಬ್ಬಿಣದ ಗುಂಡು ಕಂಡರೆ ಮುಟ್ಟಬೇಡ, ಕಲ್ಲು ಎಸೆಯಬೇಡ, ಗುರುತಿಟ್ಟುಕೊಂಡು ಬಂದು ಮಾಸ್ತರಿಗೆ ಹೇಳು. ಗುಜರಿಯವನಿಗೆ ನೋಟಿಸು ಕೊಡಿ.

ನಿಮ್ಮ ಮೇಲೆ ಚುನಾವಣೆಯಿದೆ, ಗಣತಿಯಿದೆ, ಪಿಂಚಣಿ ಅದಾಲತ್ತಿದೆ, ಪಹಣಿ ತಿದ್ದುಪಡಿಯಿದೆ, ಬರ ಇದೆ, ನೆರೆ ಇದೆ. ಒಬ್ಬರ ಮೇಲೆ ಎರಡು ಮೂರು ಸರ್ಕಲ್ಲಿನ ಭಾರವಿದೆ. ಹತ್ತು ವರ್ಷಕ್ಕೊಮ್ಮೆ ಬರುವ ಸೇನಾ ಶಿಬಿರಕ್ಕಾಗಿ ಕಾಯ್ದೆ ಓದು ಎಂದರೆ ನಗು ಬಂದೀತು. ನನಗೂ ಆ ಕುರ್ಚಿಯ ಕಷ್ಟ ಗೊತ್ತು. ಆದರೆ ಈ ಕಾಯ್ದೆ ಪೂರ್ತಿ ಓದಲು ಅರ್ಧ ಗಂಟೆ ಸಾಕು. ದೇಶದ ಭದ್ರತೆಯ ಕೆಲಸಕ್ಕೆ ಲೆಕ್ಕ ಪತ್ರ ಕೇಳುವುದು ಅಪಚಾರ ಎಂದು ಯಾರಾದರೂ ಹೇಳಿದರೆ, ಆ ಲೆಕ್ಕ ಕೇಳಬೇಕೆಂದು ಅದೇ ಕಾಯ್ದೆ ನಿಮಗೆ ವಹಿಸಿದೆ ಎಂದು ಹೇಳಿ. ನಾನು ಬಾವುಟದ ಹತ್ತಿರ ಬಿಸಿಲಲ್ಲಿ ನಿಂತವನು. ನನ್ನ ಹಿಂದೆ ಒಬ್ಬ ತಲಾಟಿ ಡಂಗುರ ಹೊಡೆಸಿ ಬಂದಿದ್ದರೆ ನನ್ನ ಕೆಲಸ ಅರ್ಧ ಮುಗಿದಿರುತ್ತಿತ್ತು.

ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಪಾಠ ಮಾಡುವ ಹಿರಿಯರು ಇದನ್ನು ಓದುತ್ತಿದ್ದರೆ ಅವರಲ್ಲೂ ಒಂದು ಅರಿಕೆ. ಹೊಸ ತಹಶೀಲ್ದಾರರ ತರಬೇತಿಯಲ್ಲಿ ಈ ಕಾಯ್ದೆಗೆ ಒಂದು ತಾಸು ಕೊಡಿ, ಅದರ ಕನ್ನಡ ಪ್ರತಿಯೊಂದನ್ನು ಪ್ರತಿ ನಾಡಕಚೇರಿಗೂ ಕಳಿಸಿಕೊಡಿ. ಸುಗ್ಗಿ ಮುಗಿದು ಹೊಲ ಬರಿದಾಗುವ ಮುನ್ನವೇ ಅದು ತಲುಪಿದರೆ ಒಳ್ಳೆಯದು. ಸೇನೆಯವರು ಬಯಲು ಕೇಳುವುದು ಹೆಚ್ಚಾಗಿ ಆ ನಂತರವೇ.

ಇಂತಿ ತಮ್ಮ ವಿಶ್ವಾಸಿ,
ತೋಪಖಾನೆಯ ಒಬ್ಬ ಮಾಜಿ ಹವಾಲ್ದಾರ್,
ನಿವೃತ್ತ ಕಂದಾಯ ನಿರೀಕ್ಷಕ,
ಬೆಳಗಾವಿ ಜಿಲ್ಲೆ